ಸವಳು ನೀರು, ಎರೆ ಧೂಳು, ಕುಂಟುವ ಕರೆಂಟು: ನಮ್ಮ ಕಡೆಯ ಮನೆಗಳಲ್ಲಿ ಕೂಲರ್, ಎಸಿ, ಗೀಸರ್ ಉಳಿಸಿಕೊಳ್ಳುವ ಬಗೆ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ತಂಪಿನ ಯಂತ್ರ, ಬಿಸಿನೀರಿನ ಯಂತ್ರ ಯಾವುದೇ ಇರಲಿ, ವಯಸ್ಸಾಗಿ ಸಾಯುವುದು ಕಡಿಮೆ. ಬೋರಿನ ಸವಳು ನೀರು, ಎರೆ ಭೂಮಿಯ ಧೂಳು, ಮೇಲೆ ಕೆಳಗೆ ಆಡುವ ವೋಲ್ಟೇಜು, ಈ ಮೂರರಲ್ಲಿ ಒಂದು ಅದನ್ನು ಅರ್ಧ ಆಯುಷ್ಯಕ್ಕೇ ಮುಗಿಸುತ್ತದೆ. ಕಂಪನಿಯ ಪುಸ್ತಕದಲ್ಲಿ ಬರೆದ ಸರ್ವಿಸ್ ಲೆಕ್ಕ ನಮ್ಮ ನೀರಿಗೆ, ನಮ್ಮ ಗಾಳಿಗೆ ಬರೆದದ್ದಲ್ಲ. ಆ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಆದರೆ ಯಂತ್ರಕ್ಕಿಂತ ಮೊದಲು ಮಾಳಿಗೆ. ಏಪ್ರಿಲ್‌ನಲ್ಲಿ ಆರ್‌ಸಿಸಿ ಮನೆಯೊಂದರಲ್ಲಿ ರಾತ್ರಿ ಎಂಟು ಗಂಟೆಗೆ ಫ್ಯಾನ್ ಬಂದ್ ಮಾಡಿ, ಸ್ಟೂಲು ಹತ್ತಿ, ಸ್ಲ್ಯಾಬಿನ ಅಡಿಗೆ ಅಂಗೈ ಇಟ್ಟು ನೋಡಿ. ರೊಟ್ಟಿ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಹಂಚು ಮುಟ್ಟಿದ ಹಾಗೆ ಬೆಚ್ಚಗಿರುತ್ತದೆ. ಹೊರಗೆ ಆಗಲೇ ಪಡುವಣ ಗಾಳಿ ಬಿಟ್ಟಿರುತ್ತದೆ, ಒಳಗೆ ಮಾತ್ರ ಸೆಕೆ. ಐದಾರು ಇಂಚಿನ ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಲನ್ನು ನಾಲ್ಕೈದು ತಾಸು ತಡಮಾಡಿ ಒಳಗೆ ಬಿಡುತ್ತದೆ. ಅಂದರೆ ಊಟ ಮಾಡಿ ಮಲಗುವ ಹೊತ್ತಿಗೆ ಸರಿಯಾಗಿ ಅದರ ಕಾವು ಇಳಿಯತೊಡಗುತ್ತದೆ. ಗದಗ, ನವಲಗುಂದ ಕಡೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಈ ಕಾಟ ಇರಲಿಲ್ಲ. ಹಲಗೆಯ ಮೇಲಿನ ದಪ್ಪ ಮಣ್ಣು ಕಾವನ್ನು ತಡೆಯುತ್ತಿತ್ತು, ಮೇಲೇರಿದ ಬಿಸಿ ಗಾಳಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಸ್ಲ್ಯಾಬು ಬಂದಾಗ ಎರಡನ್ನೂ ಕಳೆದುಕೊಂಡೆವು.

ಆದ್ದರಿಂದ ಯಾರಾದರೂ ಕೂಲರ್ ಕೊಳ್ಳಬೇಕು, ಎಸಿ ಹಾಕಿಸಬೇಕು ಅಂದರೆ ಮೊದಲು ಕೇಳಬೇಕಾದದ್ದು, ಮಾಳಿಗೆ ಬೆಳ್ಳಗಿದೆಯೋ ಇಲ್ಲವೋ ಎಂದು. ಅಗ್ಗದ ದಾರಿ ಸುಣ್ಣ. 10 ಕೆಜಿ ಸುಣ್ಣಕ್ಕೆ 20ರಿಂದ 25 ಲೀಟರ್ ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಮುಕ್ಕಾಲು ಕೆಜಿಯಷ್ಟು ಫೆವಿಕಾಲನ್ನು ಬೇರೆ ನೀರಲ್ಲಿ ಕದಡಿ ಸೇರಿಸಬೇಕು. ನೆನೆಸುವಾಗ ಹಸಿ ಸುಣ್ಣ ಕುದಿಯುತ್ತದೆ, ಪ್ಲಾಸ್ಟಿಕ್ ಬಕೀಟು ಬೇಡ, ಮಕ್ಕಳು ಹತ್ತಿರ ಬರಬಾರದು. ಮಾಳಿಗೆಯನ್ನು ಕಸಬರಿಗೆಯಿಂದ ಉಜ್ಜಿ, ತೊಳೆದು, ಬಿರುಕಿದ್ದರೆ ತುಂಬಿ, ಸಂಜೆ ನಾಲ್ಕರ ಮೇಲೆ ಸ್ವಲ್ಪ ನೀರು ಚಿಮುಕಿಸಿ ಬಳಿಯಬೇಕು. ಉರಿಬಿಸಿಲಲ್ಲಿ ಬಳಿದರೆ ಕ್ಷಣದಲ್ಲಿ ಒಣಗಿ ಪುಡಿಯಾಗಿ ಏಳುತ್ತದೆ, ಕಾಲಿಗೆ ಹತ್ತುತ್ತದೆ. ಮೊದಲ ಕೈ ತೆಳ್ಳಗೆ, ಮರುದಿನ ಎರಡನೆಯ ಕೈ ದಪ್ಪಗೆ. ಒರಟು ಮಾಳಿಗೆ ಹೆಚ್ಚು ಕುಡಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಬಳಿದರೆ ಆ ಬೇಸಿಗೆ ಪೂರ್ತಿ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ತೊಳೆದುಹೋಗುತ್ತದೆ. ಮಾಳಿಗೆ ನೀರನ್ನು ತೊಟ್ಟಿಗೆ ಹಿಡಿಯುವವರು ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಬೇಕು. ಇಷ್ಟು ಮಾಡಿದರೆ ಕೆಳಗಿನ ಕೋಣೆಯಲ್ಲಿ 2ರಿಂದ 4 ಡಿಗ್ರಿ ಇಳಿಯುತ್ತದೆ. ಇನ್ನೂ ಬಾಳಿಕೆ ಬೇಕೆಂದರೆ ಬಿಸಿಲು ಹಿಂದಕ್ಕೆ ತಳ್ಳುವ ಬಿಳಿ ಟೆರೇಸ್ ಪೇಂಟ್ ಎರಡು ಕೈ, ಅಥವಾ ಒಡೆದ ಬಿಳಿ ಟೈಲ್ಸಿನ ಚೀನಿ ಚೂರು. ಚೀನಿ ಚೂರಿನ ಖರ್ಚು ಒಂದೇ ಸಲ. ಧೂಳು ಕೂತು ಕಂದು ಬಣ್ಣಕ್ಕೆ ತಿರುಗಿದ ಬಿಳಿ ಮಾಳಿಗೆ ಬಿಳಿಯ ಕೆಲಸ ಮಾಡುವುದಿಲ್ಲ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಗುಡಿಸಿ ತೊಳೆಯಬೇಕು. ಕರಿ ಬಣ್ಣದ ನೀರಿನ ಟ್ಯಾಂಕಿಗೂ ಅದೇ ಕೈಯಲ್ಲಿ ಬಿಳಿ ಬಣ್ಣ ಹೊಡೆಯಿರಿ.

ಕಿಡಕಿ ವಿಚಾರ ಚಿಕ್ಕದು. ಬೆಳಿಗ್ಗೆ ಒಂಬತ್ತರೊಳಗೆ ಮುಚ್ಚಬೇಕು, ರಾತ್ರಿ ಎಂಟರ ಮೇಲೆ ತೆಗೆಯಬೇಕು. ಏಪ್ರಿಲ್‌ನಲ್ಲೂ ಧಾರವಾಡ, ಹುಬ್ಬಳ್ಳಿಯಲ್ಲಿ ಬೆಳಗಿನ ಜಾವ 21, 22 ಡಿಗ್ರಿಯ ಆಸುಪಾಸು ಇರುತ್ತದೆ. ಆ ತಂಪನ್ನು ಒಳಗೆ ತುಂಬಿಕೊಂಡು ಹಗಲು ಮುಚ್ಚಿಟ್ಟರೆ ಮಧ್ಯಾಹ್ನದವರೆಗೆ ಕೂಲರ್ ಬೇಡ. ಸೊಳ್ಳೆ ಜಾಳಿಗೆ ಹಾಕಿಸದೆ ಇದು ಆಗುವುದಿಲ್ಲ, ಜಾಳಿಗೆಗೆ ಹಾಕಿದ ದುಡ್ಡು ಎಸಿಗೆ ಹಾಕಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಫ್ಯಾನಿನ ಬಗ್ಗೆಯೂ ಹೆಚ್ಚು ಹೇಳುವುದಿಲ್ಲ. ಮೊದಲಿನಷ್ಟು ವೇಗ ಇಲ್ಲ ಅಂದರೆ ಹತ್ತರಲ್ಲಿ ಎಂಟು ಸಲ ಕೆಪಾಸಿಟರ್, ಅಂದರೆ ಮೋಟರಿಗೆ ತಿರುಗುವ ಬಲ ಕೊಡುವ ಸಣ್ಣ ಡಬ್ಬಿ, ಸೋತಿರುತ್ತದೆ. 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ, ಮೀಟರಿನಲ್ಲಿ ಅಳೆದರೆ 1.6 ತೋರಿಸುತ್ತದೆ. ಹಳೆಯದರ ಮೇಲೆ ಬರೆದ ಅಂಕಿಯದನ್ನೇ ಹಾಕಬೇಕು. "ಜೋರಾಗಿ ತಿರುಗಲಿ" ಎಂದು ಹೆಚ್ಚಿನದು ಹಾಕಿದರೆ ವೈಂಡಿಂಗ್ ಕಾದು ಸುಡುತ್ತದೆ. ಕೋಲಿನಿಂದ ತಳ್ಳಿದರೆ ತಿರುಗುತ್ತದೆ, ತಾನಾಗಿ ಶುರುವಾಗುವುದಿಲ್ಲ ಅಂದರೂ ಕೆಪಾಸಿಟರೇ. ಗರಗರ ಸದ್ದು ಬಂದರೆ ಬೇರಿಂಗು, ಮನೆ ಫ್ಯಾನುಗಳಲ್ಲಿ ಬಹುತೇಕ 6202 ಮತ್ತು 6201, ಎರಡನ್ನೂ ಕೂಡಿಯೇ ಬದಲಿಸಿ. ಹಳೆಯ ಫ್ಯಾನು 70ರಿಂದ 80 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ (ಬ್ರಶ್ ಇಲ್ಲದ ಹೊಸ ಬಗೆಯ ಮೋಟರಿನ) ಫ್ಯಾನು 28ರಿಂದ 35. ದಿನಕ್ಕೆ 15 ತಾಸು ಓಡುವ ಒಂದು ಫ್ಯಾನಿನಿಂದ ತಿಂಗಳಿಗೆ ಸುಮಾರು 20 ಯೂನಿಟ್ ಉಳಿಯುತ್ತದೆ. ಮೇಲಾಗಿ ಇನ್ವರ್ಟರ್ ಬ್ಯಾಟರಿಯ ಮೇಲೆ ಎರಡು ಪಟ್ಟು ಹೊತ್ತು ಓಡುತ್ತದೆ. ಹಾಕಿಸುವಾಗ ಗೋಡೆಯ ಹಳೆಯ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಿ. ಅದನ್ನು ಹಾಗೇ ಬಿಟ್ಟು ಫ್ಯಾನಿನ ಬೋರ್ಡು ಸುಟ್ಟ ಮನೆಗಳು ಬಹಳ.

ಕೂಲರ್

ನಮ್ಮ ಕಡೆಗೆ ಹೇಳಿ ಮಾಡಿಸಿದ ಯಂತ್ರ ಇದು. ಕಾರಣ ಒಣ ಗಾಳಿ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರುತ್ತದೆ, ಗಾಳಿ ಒಣಗಿದ್ದಷ್ಟೂ ಹೆಚ್ಚು ಆವಿ, ಹೆಚ್ಚು ತಂಪು. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ 38 ಡಿಗ್ರಿ ಇದ್ದು ತೇವಾಂಶ 20 ಪ್ರತಿಶತ ಇದ್ದರೆ ಒಳ್ಳೆಯ ಪ್ಯಾಡಿನಿಂದ 25, 26 ಡಿಗ್ರಿಯ ಗಾಳಿ ಹೊರಬರುತ್ತದೆ. ಮೇ ಮಧ್ಯದಲ್ಲಿ ಅಡ್ಡಮಳೆ ಬಿದ್ದು ತೇವ 50ಕ್ಕೆ ಏರಿತೆಂದರೆ 34 ಡಿಗ್ರಿಯ ಗಾಳಿ 28ರವರೆಗೆ ಮಾತ್ರ ಇಳಿಯುತ್ತದೆ, ಮೈ ಜಿಗಿಜಿಗಿ ಅನ್ನುತ್ತದೆ. ಆಗ ಪಂಪ್ ಬಂದ್ ಮಾಡಿ ಬರಿ ಫ್ಯಾನ್ ಓಡಿಸಬೇಕು. ಜೂನ್ ಹಿಡಿದ ಮೇಲೆ ಧಾರವಾಡದಲ್ಲಿ ಕೂಲರಿಗೆ ಕೆಲಸವೇ ಇಲ್ಲ.

ಅತಿ ದೊಡ್ಡ ತಪ್ಪು ಎಂದರೆ ಕೂಲರನ್ನು ಕೋಣೆಯ ಒಳಗಿಟ್ಟು ಬಾಗಿಲು ಕಿಡಕಿ ಮುಚ್ಚಿಕೊಳ್ಳುವುದು. ಎಸಿ ನೋಡಿ ಕಲಿತ ಅಭ್ಯಾಸ ಇದು. ಕೂಲರ್ ಹೊಸ ಗಾಳಿಯನ್ನು ಒಳಗೆ ತಳ್ಳುತ್ತದೆ, ಅಷ್ಟೇ ಗಾಳಿ ಹೊರಗೆ ಹೋಗಬೇಕು. ಮುಚ್ಚಿದರೆ ಅರ್ಧ ತಾಸಿನಲ್ಲಿ ಒಳಗಿನ ಗಾಳಿ ತೇವದಿಂದ ತುಂಬುತ್ತದೆ, ತಂಪು ನಿಲ್ಲುತ್ತದೆ, ಗೋಡೆಗೆ ಬೂಸ್ಟು ಹಿಡಿಯುತ್ತದೆ. ಕೂಲರಿನ ಬೆನ್ನು ಹೊರಗಿರಬೇಕು, ನೆರಳಲ್ಲಿರಬೇಕು, ಎದುರು ಗೋಡೆಯ ಕಡೆ ದೊಡ್ಡ ಕೂಲರಿಗೆ 4ರಿಂದ 6 ಚದರಡಿ ತೆರವು ಇರಬೇಕು. ಅಂದರೆ ಒಂದು ಕಿಡಕಿಯ ಒಂದು ಪಡಕು, ಇಲ್ಲವೇ ಅರ್ಧ ತೆರೆದ ಬಾಗಿಲು. ಯಾವ ಕೋಣೆ ತಂಪಾಗಬೇಕೋ ಆ ಕೋಣೆಯ ದಾರಿಯಲ್ಲೇ ಗಾಳಿ ಹೊರಬೀಳುವಂತೆ ಕಿಡಕಿ ಆರಿಸಿ ತೆಗೆಯಬೇಕು.

ಅಳತೆ: ಕೋಣೆಯ ಉದ್ದ, ಅಗಲ, ಎತ್ತರ ಅಡಿಯಲ್ಲಿ ಗುಣಿಸಿ ಅರ್ಧ ಮಾಡಿದರೆ ನಿಮಿಷಕ್ಕೆ ಬೇಕಾದ ಘನ ಅಡಿ ಗಾಳಿ. 10, 12, 10 ಅಡಿಯ ಕೋಣೆಗೆ 600. ಕಂಪನಿಗಳು ತಾಸಿಗೆ ಘನ ಮೀಟರ್ ಬರೆಯುತ್ತವೆ, 1.7ರಿಂದ ಗುಣಿಸಿ, ಸುಮಾರು 1000. ಡಬ್ಬಿಯ ಮೇಲಿನ ಅಂಕಿ ಹೊಸ ಪ್ಯಾಡು, ಪೂರ್ತಿ ವೋಲ್ಟೇಜಿನಲ್ಲಿ ಬರುವಂಥದ್ದು, ನಮ್ಮ ಮನೆಯಲ್ಲಿ ಅಷ್ಟು ಬರುವುದಿಲ್ಲ. ಲೆಕ್ಕಕ್ಕಿಂತ ಒಂದೂವರೆ ಪಟ್ಟಿನದು ಕೊಂಡರೆ ಸರಿ.

ಈಗ ನೀರು. ಬೋರಿನ ನೀರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪಿನ ಅಳತೆ, 1000 ಇದೆ ಎಂದಿಟ್ಟುಕೊಳ್ಳಿ, ಗದಗ, ರೋಣ, ನರಗುಂದ ಕಡೆ ಇದೇನೂ ದೊಡ್ಡ ಅಂಕಿಯಲ್ಲ. ಪ್ರತಿ ಲೀಟರಿನಲ್ಲಿ 1 ಗ್ರಾಂ ಉಪ್ಪು. ದೊಡ್ಡ ಕೂಲರ್ ಬಿಸಿಲ ದಿನ ತಾಸಿಗೆ ಆರೇಳು ಲೀಟರ್ ನೀರು ಆರಿಸುತ್ತದೆ, ಎಂಟು ತಾಸು ಓಡಿದರೆ 50 ಲೀಟರ್. ಆರುವುದು ನೀರು ಮಾತ್ರ, ಉಪ್ಪು ಆರುವುದಿಲ್ಲ. ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕೆಜಿ ಉಪ್ಪು ಪ್ಯಾಡಿನಲ್ಲಿ, ಪಂಪಿನಲ್ಲಿ, ಟ್ಯಾಂಕಿನಲ್ಲಿ ಉಳಿಯಿತು. ಪ್ಯಾಡು ಕಲ್ಲಾಗುವುದು ಹೀಗೆ. ಟ್ಯಾಂಕು ಖಾಲಿಯಾದಂತೆ ಮೇಲಿಂದ ಮೇಲೆ ತುಂಬುತ್ತಲೇ ಹೋಗುವುದು ಈ ಉಪ್ಪನ್ನು ಸಾಕಿದಂತೆ. 60 ಲೀಟರ್ ಟ್ಯಾಂಕನ್ನು ಎರಡು ದಿನ ತುಂಬಿಸಿ ಓಡಿಸಿದರೆ ಒಳಗಿನ ನೀರು ಮೊದಲಿನದಕ್ಕಿಂತ ಎರಡೂವರೆ ಪಟ್ಟು ಸವಳಾಗಿರುತ್ತದೆ. ಮೂರನೆಯ ಬೆಳಿಗ್ಗೆ ಬುಡದ ಬಿರಡೆ ತೆಗೆದು ಪೂರ್ತಿ ಹೊರಗೆ ಚೆಲ್ಲಬೇಕು. ಅಂಗಳ ತೊಳೆಯಲು, ಪಾಯಖಾನೆಗೆ ಆ ನೀರು ಆಗುತ್ತದೆ, ಕರಿಬೇವು, ದಾಸವಾಳದ ಬುಡಕ್ಕೆ ಬೇಡ. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭೆಯ ನಳದ ನೀರು, ಗದಗ-ಬೆಟಗೇರಿಯಲ್ಲಿ ತುಂಗಭದ್ರೆಯ ನಳದ ನೀರು ಬೋರಿಗಿಂತ ಎಷ್ಟೋ ಮೃದು. ಆದರೆ ನಳ ಬರುವುದು ಎಷ್ಟೋ ದಿನಕ್ಕೊಮ್ಮೆ, ಆ ನೀರನ್ನು ಕೂಲರಿಗೆ ಸುರಿಯಲು ಯಾರಿಗೂ ಮನಸ್ಸು ಬರದು. ಬೋರಿನ ನೀರನ್ನೇ ಹಾಕಿ, ಹೊರಗೆ ಚೆಲ್ಲುವ ಶಿಸ್ತು ಮಾತ್ರ ಬಿಡಬೇಡಿ.

ಪ್ಯಾಡಿನಲ್ಲಿ ಎರಡು ಬಗೆ. ಮರದ ಹೊಟ್ಟಿನ ಎಳೆಯಂಥ ಹುಲ್ಲು ಅಗ್ಗ, ಪ್ರತಿ ವರ್ಷ ಬದಲಿಸಬೇಕು. ಹೊಸ ಹುಲ್ಲನ್ನು ಒಂದು ರಾತ್ರಿ ನೆನೆಸಿ ಆ ಕಂದು ನೀರನ್ನು ಚೆಲ್ಲಿ ಹಾಕಿದರೆ ವಾಸನೆ ಬರುವುದಿಲ್ಲ. ನೆನೆದ ಹುಲ್ಲು ಕುಸಿದು ಮೇಲೆ ಎರಡು ಬೆರಳಿನಷ್ಟು ಸಂದಿ ಬೀಳುತ್ತದೆ, ಬಿಸಿ ಗಾಳಿಗೆ ಅದೇ ಹೆದ್ದಾರಿ. ಮೂಲೆಗಳಲ್ಲಿ ಸುತಳಿಯಿಂದ ಕಟ್ಟಿ. ಜೇನುಗೂಡಿನಂಥ ಹನಿಕೂಂಬ್ ಪ್ಯಾಡು ದುಬಾರಿ, ಸಿಹಿನೀರಿನಲ್ಲಿ ಮೂರು ವರ್ಷ ಬರುತ್ತದೆ, ಸವಳಿನಲ್ಲಿ ನೋಡಿಕೊಳ್ಳದಿದ್ದರೆ ಒಂದೇ ಬೇಸಿಗೆ. ಟಿಡಿಎಸ್ 1500 ದಾಟಿದ ಬೋರಿದ್ದರೆ ಹುಲ್ಲೇ ವಾಸಿ ಎಂಬುದು ನಮ್ಮ ಅಭಿಪ್ರಾಯ, ಕೆಟ್ಟರೂ ಕಡಿಮೆ ಖರ್ಚಿನಲ್ಲಿ ಕೆಟ್ಟಿತು. ಹನಿಕೂಂಬನ್ನು ತಿರುಗಾಮುರುಗಾ ಹಾಕುವವರು ಬಹಳ. ಅದರ ಕೊಳವೆಗಳ ಎರಡು ಓರೆ ಸಮ ಇಲ್ಲದಿದ್ದರೆ, ಹೆಚ್ಚು ಓರೆಯಾದ ಸಾಲು ಗಾಳಿ ಒಳಗೆ ಬರುವ ಹೊರಮೈ ಕಡೆಗೆ ಇಳಿಜಾರಾಗಿರಬೇಕು. ಉಲ್ಟಾ ಆದರೆ ಫ್ಯಾನು ನೀರನ್ನು ಎಳೆದು ಕೋಣೆಗೆ ಚಿಮುಕಿಸುತ್ತದೆ.

ಪ್ಯಾಡು ಸರಿಯಾಗಿ ತೋಯುತ್ತಿದೆಯೇ ಎಂದು ನೋಡಲು ಒಂದು ಸುಲಭದ ದಾರಿ ಇದೆ. ಫ್ಯಾನ್ ಬಂದ್ ಮಾಡಿ ಪಂಪ್ ಮಾತ್ರ ಹತ್ತು ನಿಮಿಷ ಓಡಿಸಿ, ಪ್ಲಗ್ ಕಿತ್ತು, ಹಿಂದಿನ ಜಾಲರಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ತೋಯ್ದ ಕಡೆ ಕಪ್ಪಗೆ, ಒಣಗಿದ ಕಡೆ ಉದ್ದುದ್ದ ಬಿಳಿ ಪಟ್ಟೆ ಕಾಣುತ್ತದೆ. ಬಿಳಿ ಪಟ್ಟೆಯ ನೇರ ಮೇಲೆ ನೀರು ಹಂಚುವ ನಳಿಗೆಯ ತೂತು ಉಪ್ಪಿನಿಂದ ಮುಚ್ಚಿರುತ್ತದೆ. ದಬ್ಬಣ ತೂರಿಸಿ ಒಂದೊಂದೇ ತೂತು ಬಿಡಿಸಬೇಕು, ಅಗಲ ಮಾಡಬಾರದು. ಮೊದಲ ತೂತು ಅಗಲವಾದರೆ ಕೊನೆಯದಕ್ಕೆ ನೀರು ಮುಟ್ಟುವುದಿಲ್ಲ.

ಪಂಪ್ ನಿಂತಿತೆಂದು ಹೊಸದು ತರುವ ಮೊದಲು ಮುಂದಿನ ಮುಚ್ಚಳ ತೆಗೆದು ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ಉಪ್ಪು ಕಟ್ಟಿದೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ಪಂಪಿನ ಮುಂಭಾಗವನ್ನು ಎರಡು ತಾಸು ಮುಳುಗಿಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಬಹಳ ಸಲ ಏಳುತ್ತದೆ. ಹನಿಕೂಂಬಿಗೆ ಇದರ ಅರ್ಧ ಗಟ್ಟಿ, ಲೀಟರಿಗೆ 20, 25 ಗ್ರಾಂ, ಅದೇ ನೀರನ್ನು ಟ್ಯಾಂಕಿನಲ್ಲಿ ಹಾಕಿ ಫ್ಯಾನಿಲ್ಲದೆ ಪಂಪ್ ಅರ್ಧ ತಾಸು ಓಡಿಸಿ, ಚೆಲ್ಲಿ, ಎರಡು ಸಲ ಸಾದಾ ನೀರಲ್ಲಿ ತೊಳೆಯಿರಿ. ಪಾಯಖಾನೆಗೆ ಹಾಕುವ ಆಸಿಡ್ ಬೇಡ, ಪ್ಯಾಡಿನ ಅಂಟು ಬಿಡುತ್ತದೆ, ತಗಡು ತಿನ್ನುತ್ತದೆ. ಯಾವ ಹುಳಿ ಪದಾರ್ಥದ ಜೊತೆಗೂ ಬ್ಲೀಚಿಂಗ್ ಪುಡಿ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ.

ಸೊಳ್ಳೆಯ ಮಾತು. ಡೆಂಗಿ ಹರಡುವ ಸೊಳ್ಳೆ ನೀರಿನ ಅಂಚಿನಲ್ಲಿ, ಟ್ಯಾಂಕಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಒಣಗಿಕೊಂಡೇ ಬದುಕಿರುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಟ್ಯಾಂಕಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಲೇಬೇಕು. ಮಳೆ ಹಿಡಿದ ಮೇಲೆ ಕೂಲರನ್ನು ಒಣಗಿಸಿ, ತಗಡಿನದಾದರೆ ಒಳಗೆ ಡಾಂಬರು ಪೇಂಟು ಹೊಡೆದು, ಪ್ಯಾಡು ಬಿಸಿಲಿಗೆ ಹಾಕಿ ಎತ್ತಿಡಿ. ತುಂಬಿದ ಟ್ಯಾಂಕಿನೊಂದಿಗೆ ಹಿತ್ತಲಲ್ಲಿ ಬಿಟ್ಟ ಕೂಲರ್ ಇಡೀ ಓಣಿಗೆ ಕಾಯಿಲೆ ಹಂಚುತ್ತದೆ.

ತಗಡಿನ ಕೂಲರ್ ಮುಟ್ಟಿದರೆ ಜುಮ್ ಅನ್ನುತ್ತಿದೆಯೇ? ಅದನ್ನು ಸಣ್ಣದೆಂದು ಬಿಡಬೇಡಿ. ಎರಡು ಪಿನ್ನಿನ ಪ್ಲಗ್, ಟ್ಯಾಂಕಿನೊಳಗೆ ಟೇಪು ಸುತ್ತಿದ ವೈರಿನ ಜೋಡು, ಸತ್ತ ಅರ್ಥಿಂಗ್, ಈ ಮೂರರಲ್ಲಿ ಒಂದಿರುತ್ತದೆ. ಪಂಪಿನ ವೈರಿಗೆ ನೀರೊಳಗೆ ಜೋಡು ಇರಲೇಬಾರದು. ಅರ್ಥಿಂಗ್ ವಿಚಾರದಲ್ಲಿ ಎರೆ ಭೂಮಿಯ ಊರುಗಳಿಗೆ ವಿಶೇಷ ತೊಂದರೆಯಿದೆ. ಬೇಸಿಗೆಯಲ್ಲಿ ಎರೆ ಮಣ್ಣು ಒಣಗಿ ಬಾಯಿ ಬಿಡುತ್ತದೆ, ಅರ್ಥಿಂಗಿಗೆ ನೆಲದಲ್ಲಿ ಹೂತ 40 ಮಿಲಿಮೀಟರಿನ ಪೈಪಿಗೂ ಮಣ್ಣಿಗೂ ನಡುವೆ ಸಂದಿ ಬಿದ್ದು ಅರ್ಥಿಂಗ್ ಹೆಸರಿಗೆ ಮಾತ್ರ ಉಳಿಯುತ್ತದೆ. ಕೂಲರ್ ಓಡುವುದೂ ಅದೇ ತಿಂಗಳುಗಳಲ್ಲಿ. ಅರ್ಥಿಂಗ್ ಕುಣಿಗೆ ವಾರಕ್ಕೊಮ್ಮೆ ಒಂದೆರಡು ಬಕೀಟು ನೀರು ಹಾಕಿ, ಎರಡು ಮೂರು ವರ್ಷಕ್ಕೊಮ್ಮೆ ಅರ್ಥ್ ಟೆಸ್ಟರಿನಲ್ಲಿ ಅಳೆಸಿ, 5 ಓಮ್ ಒಳಗಿರಬೇಕು. ಮೇನ್ ಬೋರ್ಡಿನಲ್ಲಿ, ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಅದು ಸತ್ತಿದೆ.

ಎಸಿ

ಎಸಿ ಬೇಕೇಬೇಕೆನ್ನುವ ಮನೆಗೆ 120 ಚದರಡಿಯ ಕೋಣೆಗೆ 1 ಟನ್, 180ರವರೆಗೆ ಒಂದೂವರೆ ಟನ್. ಮೇಲೆ ಬೋಳು ಸ್ಲ್ಯಾಬು ಇದ್ದರೆ ಒಂದು ಮೆಟ್ಟಿಲು ಹೆಚ್ಚು ಬೇಕಾಗುತ್ತದೆ, ಸುಣ್ಣ ಬಳಿದಿದ್ದರೆ ಬೇಡ. ಒಂದೂವರೆ ಟನ್ನಿಗೆ ಬೋರ್ಡಿನಿಂದ ಬೇರೆಯದೇ ಲೈನು, 4 ಚದರ ಮಿಲಿಮೀಟರಿನ ತಾಮ್ರದ ವೈರು, 20 ಆಂಪಿಯರಿನ ಸಿ ಬಗೆಯ ಎಂಸಿಬಿ (ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು). ಗೀಸರಿನ ಲೈನಿಗೇ ಎಸಿ ಜೋಡಿಸಿ ಸಾಕೆಟ್ ಕರಗಿಸಿಕೊಂಡ ಮನೆಗಳು ಕಡಿಮೆಯೇನಲ್ಲ.

ಈ ಯಂತ್ರದ ಬಗ್ಗೆ ನಮ್ಮ ಕಡೆ ಅತಿ ಹೆಚ್ಚು ದುಡ್ಡು ಪೋಲಾಗುವುದು ಒಂದು ಮಾತಿನಿಂದ: "ಗ್ಯಾಸ್ ಮುಗದೈತ್ರೀ, ತುಂಬಿಸಬೇಕ್ರೀ." ಎಸಿಯ ಗ್ಯಾಸು ಅಡುಗೆ ಸಿಲಿಂಡರಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ತಾಮ್ರದ ನಳಿಗೆಯಲ್ಲಿ ಅದೇ ಗ್ಯಾಸು ಸುತ್ತುತ್ತಿರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ, ಸೋರುವ ಜಾಗ ಹುಡುಕದೆ ತುಂಬಿಸಿದ್ದು ಮುಂದಿನ ಬೇಸಿಗೆಗೆ ಮತ್ತೆ ಹೋಗುತ್ತದೆ. ಹಾಗೆ ಹೇಳಿದಾಗ ನೀವು ಕೇಳಬೇಕಾದದ್ದು, "ಎಲ್ಲಿ ಸೋರೇತ್ರೀ ಅಣ್ಣಾರ, ಮೊದಲ ಅದನ್ನ ತೋರಸ್ರಿ." ಹೊರಗಿನ ಘಟಕದ ಬದಿಯಲ್ಲಿ ಎರಡು ಹಿತ್ತಾಳೆ ನಟ್ಟುಗಳಿವೆ. ಅವುಗಳ ಸುತ್ತ ಎಣ್ಣೆ ಜಿಗಟು, ಅದಕ್ಕೆ ಅಂಟಿದ ಕಪ್ಪು ಧೂಳು ಕಂಡರೆ ಸೋರಿಕೆ ಅಲ್ಲೇ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ನಟ್ಟಿನೊಳಗೆ ತಾಮ್ರದ ನಳಿಗೆಯ ಬಾಯಿಯನ್ನು ಹೂವಿನಂತೆ ಅರಳಿಸಿರುತ್ತಾರೆ. ಆ ಅರಳು ಸೀಳಿದ್ದರೆ ಎಷ್ಟು ಬಿಗಿದರೂ ನಿಲ್ಲದು, ಕತ್ತರಿಸಿ ಹೊಸದಾಗಿ ಅರಳಿಸಬೇಕು. ಟಾರ್ಕ್ ಪಾನಾದಿಂದ ಕಾಲಿಂಚಿನ ನಟ್ಟಿಗೆ ಸುಮಾರು 15ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50ರಿಂದ 60. ಹೆಚ್ಚು ಬಿಗಿದರೂ ಸೀಳುತ್ತದೆ.

ಸೋರಿಕೆ ಮುಚ್ಚಿದ ಮೇಲೆ ಕೆಲಸದ ಸರದಿ ಹೀಗಿರಬೇಕು: ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡುವುದು, ಅದನ್ನು ಬಿಟ್ಟು ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿಯನ್ನು 500 ಮೈಕ್ರಾನಿನವರೆಗೆ (ನಿರ್ವಾತದ ಅಳತೆ) ಎಳೆದು, ಪಂಪ್ ನಿಲ್ಲಿಸಿದ ಮೇಲೂ ಅದು ನಿಲ್ಲುತ್ತದೆಯೇ ಎಂದು ಕಾಯುವುದು, ಆಮೇಲೆ ಗ್ಯಾಸು. ವ್ಯಾಕ್ಯೂಮ್ ಪಂಪ್ ತರದೆ ಗ್ಯಾಸಿನಿಂದಲೇ ಗಾಳಿ ಓಡಿಸುತ್ತೇನೆ ಎನ್ನುವವರಿಂದ ಕೆಲಸ ಮಾಡಿಸಬೇಡಿ. ಒಳಗೆ ಉಳಿದ ತೇವ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಕಂಪ್ರೆಸರಿನ ವೈಂಡಿಂಗ್ ತಿನ್ನುತ್ತದೆ. ಗ್ಯಾಸು ಎಷ್ಟು ಗ್ರಾಂ ಎಂದು ಹೊರಗಿನ ಘಟಕದ ಫಲಕದ ಮೇಲೆ ಬರೆದಿರುತ್ತದೆ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ತೂಗಿಯೇ ಹಾಕಬೇಕು. ಈಗಿನ ಬಹಳ ಎಸಿಗಳಲ್ಲಿರುವ ಆರ್-32 ಎಂಬ ಗ್ಯಾಸು ಬೆಂಕಿ ಹಿಡಿಯುವ ಗುಣದ್ದು, ಒಳಗೆ ಗ್ಯಾಸು ಇರುವಾಗ ಬೆಸುಗೆ ದೀಪ ಹಚ್ಚಕೂಡದು.

ಎಸಿ ತಂಪು ಕೊಡುತ್ತಿದೆಯೋ ಎಂದು ಮನೆಯವರೇ ಅಳೆಯಬಹುದು. ಹದಿನೈದು ನಿಮಿಷ ಓಡಿಸಿ, ಥರ್ಮಾಮೀಟರನ್ನು ಮೊದಲು ಮೇಲೆ ಗಾಳಿ ಒಳಹೋಗುವ ಕಡೆ, ಆಮೇಲೆ ಕೆಳಗೆ ಹೊರಬರುವ ಕಡೆ ಹಿಡಿಯಿರಿ. ವ್ಯತ್ಯಾಸ 8ರಿಂದ 12 ಡಿಗ್ರಿ ಇದ್ದರೆ ಆರೋಗ್ಯವಾಗಿದೆ. ಕಡಿಮೆ ಇದ್ದರೆ ಮೆಕ್ಯಾನಿಕನನ್ನು ಕರೆಯುವ ಮೊದಲು ಫಿಲ್ಟರ್ ತೆಗೆದು ನೋಡಿ. ಅಣ್ಣಿಗೇರಿ, ನರಗುಂದದ ಧೂಳಿಗೆ ಹದಿನೈದು ದಿನವೇ ಹೆಚ್ಚು, ಹತ್ತಿ ಜಿನ್ನಿನ ಹತ್ತಿರದ ಮನೆಯಾದರೆ ವಾರಕ್ಕೊಮ್ಮೆ ಅರಳೆಯ ಎಳೆ ಚಾದರದಂತೆ ಹಾಸಿರುತ್ತದೆ. ನಳದ ಕೆಳಗೆ ಹಿಮ್ಮೈಯಿಂದ ನೀರು ಬಿಟ್ಟು ತೊಳೆದು ನೆರಳಲ್ಲಿ ಒಣಗಿಸಿ. ಕೊಳೆ ಫಿಲ್ಟರಿನಿಂದ ಒಳಗಿನ ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ, ಅದು ಕರಗಿ ಗೋಡೆಯ ಮೇಲೆ ನೀರು ಇಳಿಯುತ್ತದೆ. ನೀರು ಇಳಿಯಲು ಇನ್ನೊಂದು ಕಾರಣ ಹೊರಗಿನ ನೀರಿನ ನಳಿಗೆ. ಅದರ ತುದಿಯನ್ನು ಬಕೀಟಿನಲ್ಲಿ ಇಟ್ಟಿರುತ್ತಾರೆ, ಬಕೀಟು ತುಂಬಿ ತುದಿ ಮುಳುಗಿದಾಗ ಗಾಳಿ ಸಿಕ್ಕಿಬಿದ್ದು ನೀರು ಹಿಂದೆ ನಿಲ್ಲುತ್ತದೆ. ತುದಿ ಯಾವಾಗಲೂ ನೀರಿನ ಮೇಲೆ ತೂಗುತ್ತಿರಲಿ.

ಹೊರಗಿನ ಘಟಕವನ್ನು ವರ್ಷಕ್ಕೆರಡು ಸಲ, ಯುಗಾದಿಗೆ ಮುಂಚೆ ಒಮ್ಮೆ ಮತ್ತು ಮೇ ಹೊತ್ತಿಗೆ ಒಮ್ಮೆ ತೊಳೆಯಬೇಕು. ಎಂಸಿಬಿ ಇಳಿಸಿ ಹತ್ತು ನಿಮಿಷ ಕಾಯಿರಿ, ಕೆಪಾಸಿಟರ್ ಖಾಲಿಯಾಗಲಿ. ತೋಟದ ಪೈಪಿನ ಮೆಲ್ಲನೆಯ ನೀರು ಸಾಕು, ಕಾರು ತೊಳೆಯುವ ಜೋರು ಯಂತ್ರ ಹಿಡಿದರೆ ತೆಳು ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ವೈರಿನ ಪೆಟ್ಟಿಗೆಯ ಕಡೆ ನೀರು ಬಿಡಬೇಡಿ. ಅದೇ ಹೊತ್ತಿಗೆ ಆ ಪೆಟ್ಟಿಗೆಯ ಸಂದಿಗಳನ್ನು ನೋಡಿಸಿ. ಹಲ್ಲಿ, ಇರುವೆ ಒಳಹೊಕ್ಕು ಬೋರ್ಡಿನ ಎರಡು ತುದಿ ಕೂಡಿಸಿ ಸತ್ತಿರುವುದು ಬಹಳ ಕಂಡುಬರುವ ರೋಗ. ವೈರು ಒಳಹೋಗುವ ತೂತಿಗೆ ಪುಟ್ಟಿ ತುಂಬಿ, ತೆರವಿಗೆ ಸಣ್ಣ ಜಾಲರಿ ಹಾಕಿಸಿದರೆ ಸಾಕು, ಗಾಳಿಯ ದಾರಿ ಮಾತ್ರ ಮುಚ್ಚಬಾರದು. ತೆರೆದ ಗಟಾರದ ಪಕ್ಕ ಹೊರಗಿನ ಘಟಕ ಕೂರಿಸಬೇಡಿ, ಗಟಾರದ ಗಾಳಿಯಲ್ಲಿರುವ ಗಂಧಕದ ಅಂಶ ತಾಮ್ರವನ್ನು ಕಪ್ಪಾಗಿಸಿ ತೂತು ಮಾಡುತ್ತದೆ.

ಕರೆಂಟಿನ ವಿಚಾರ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ 180 ವೋಲ್ಟಿಗೆ ಇಳಿಯುವುದುಂಟು, ಕಂಬದಲ್ಲಿ ನ್ಯೂಟ್ರಲ್ ಕಡಿದರೆ 400ರವರೆಗೆ ಏರುವುದುಂಟು. ಮೊದಲನೆಯದು ಹಳೆಯ ಕಂಪ್ರೆಸರನ್ನು ಕಾಯಿಸಿ ಕೊಲ್ಲುತ್ತದೆ, ಎರಡನೆಯದು ಇನ್ವರ್ಟರ್ ಎಸಿಯ ಬೋರ್ಡನ್ನು ಒಂದೇ ಕ್ಷಣದಲ್ಲಿ ಸುಡುತ್ತದೆ. "ಸ್ಟೆಬಿಲೈಸರ್ ಬೇಡ" ಎಂದು ಅಂಗಡಿಯಲ್ಲಿ ಹೇಳಿದರೂ ಫಲಕದ ಮೇಲಿನ ವೋಲ್ಟೇಜ್ ಮಿತಿ ಓದಿ, ನಿಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ಅಳೆದು ನಿರ್ಧರಿಸಿ. ಒಂದೂವರೆ ಟನ್ನಿಗೆ 4 ಕೆವಿಎ ಸ್ಟೆಬಿಲೈಸರ್ ಬೇಕು, ಅದರಲ್ಲಿ ಹೆಚ್ಚು ವೋಲ್ಟೇಜಿಗೆ ಲೈನ್ ಕಡಿಯುವ ಸೌಲಭ್ಯ ಇರಬೇಕು. ಬೋರ್ಡು ಸುಟ್ಟರೆ ಇಡೀ ಬೋರ್ಡು ಬದಲಿಸುವ ಮೊದಲು ಬೋರ್ಡ್ ರಿಪೇರಿ ಮಾಡುವವರಿಗೆ ತೋರಿಸಿ. ಎಷ್ಟೋ ಸಲ ಹೆಚ್ಚು ವೋಲ್ಟೇಜನ್ನು ತಾನು ನುಂಗಿ ಸತ್ತ ಬಿಲ್ಲೆಯಂಥ ಎಂಒವಿ ಮತ್ತು ಫ್ಯೂಸು ಮಾತ್ರ ಹೋಗಿರುತ್ತವೆ.

ಚಳಿಗಾಲ, ಬಿಸಿನೀರು

ನಮ್ಮ ಚಳಿಗೆ ಕೋಣೆ ಕಾಯಿಸುವ ಯಂತ್ರ ಬೇಡ, ಬೇಕಾದದ್ದು ಬಚ್ಚಲಿಗೆ ಬಿಸಿನೀರು. ಗೀಸರಿನಲ್ಲಿ ನೀರು ಕಾಯುವಾಗ ಪಂಚಮಿಗೆ ಅಳ್ಳು ಹುರಿದ ಹಾಗೆ ಟಪಟಪ ಸದ್ದು ಬಂದರೆ ಕಾಯಿಲಿನ ಮೇಲೆ ಸುಣ್ಣದ ಪದರ ಕೂತಿದೆ. ಆ ಪದರ ಕಾವನ್ನು ನೀರಿಗೆ ಬಿಡುವುದಿಲ್ಲ, ಕಾಯಿಲಿನ ಹೊರಕವಚ ಅತಿಯಾಗಿ ಕಾದು ಸೀಳುತ್ತದೆ, ನೀರಿಗೆ ಕರೆಂಟು ಇಳಿಯುತ್ತದೆ. ಬೋರಿನ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿಸಿ, ನಿಂಬೆ ಉಪ್ಪಿನ ನೀರಲ್ಲಿ ರಾತ್ರಿ ನೆನೆಸಿ ತೊಳೆಸಬೇಕು. ಆಗಲೇ ಮೆಗ್ನೀಷಿಯಂ ಆನೋಡ್ ಕಡ್ಡಿ ನೋಡಿ. ಟ್ಯಾಂಕಿನ ಬದಲಿಗೆ ತಾನು ಸವೆಯುವುದೇ ಅದರ ಕೆಲಸ. ನಡುವಿನ ತಂತಿ ಕಾಣುವಷ್ಟು ಸವೆದಿದ್ದರೆ ಹೊಸದು ಹಾಕಿಸಿ, ಮುಂದೂಡಿದರೆ ಟ್ಯಾಂಕೇ ತೂತಾಗುತ್ತದೆ. ಥರ್ಮೋಸ್ಟಾಟ್ 60 ಡಿಗ್ರಿಗಿಂತ ಮೇಲೆ ಬೇಡ, ಕಾವು ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಕಾಯುವಾಗ ಸೇಫ್ಟಿ ವಾಲ್ವಿನಿಂದ ಹನಿ ಬೀಳುವುದು ಸಹಜ, ಹಿಗ್ಗಿದ ನೀರು ಹೊರಬರುತ್ತದೆ. ಅದನ್ನು ಬೆಣೆ ಹೊಡೆದು ಮುಚ್ಚಿದರೆ ಗೀಸರು ಬಾಂಬಾಗುತ್ತದೆ.

ಸೋಲಾರಿನ ಗಾಜಿನ ನಳಿಗೆಗಳಲ್ಲಿ ಯಾವುದು ಸತ್ತಿದೆ ಎಂದು ತಿಳಿಯಲು ಕೆಳತುದಿ ನೋಡಿ. ಕನ್ನಡಿಯಂತೆ ಬೆಳ್ಳಿ ಬಣ್ಣ ಇದ್ದರೆ ಒಳಗಿನ ನಿರ್ವಾತ ಸರಿಯಿದೆ. ಹಾಲು ಬಿಳುಪಾಗಿದ್ದರೆ ಗಾಳಿ ಹೊಕ್ಕಿದೆ, ಆ ನಳಿಗೆ ಕಾವು ಹಿಡಿಯುವುದಿಲ್ಲ, ಬದಲಿಸಿ. ಬದಲಿಸುವುದು ನಸುಕಿನಲ್ಲಿ, ನಳಿಗೆಗಳ ಮೇಲೆ ಗೋಣಿಚೀಲ ಹೊದಿಸಿ, ಟ್ಯಾಂಕು ಖಾಲಿ ಮಾಡಿ, ರಬ್ಬರ್ ಉಂಗುರಕ್ಕೆ ಸೋಪಿನ ನೀರು ಸವರಿ, ತಿರುಗಿಸುತ್ತ ಒಳಸೇರಿಸಬೇಕು. ನಡುಮಧ್ಯಾಹ್ನ ಖಾಲಿ ನಳಿಗೆಗೆ ತಣ್ಣೀರು ಬಿಟ್ಟರೆ ಪಟ್ಟನೆ ಒಡೆಯುತ್ತದೆ. ನೀರಿನ ಸರಬರಾಜು ನಿಂತ ದಿನ ಮೇಲಿನ ಟ್ಯಾಂಕು ಬರಿದಾಗಿದ್ದರೆ ಸಂಜೆವರೆಗೆ ಕಾದು, ನಳಿಗೆ ಆರಿದ ಮೇಲೆ ವಾಲ್ವು ತೆಗೆಯಿರಿ. ಮಳೆಗಾಲದಲ್ಲಿ ಧಾರವಾಡದ ಮೋಡಕ್ಕೆ ಬ್ಯಾಕಪ್ ಕಾಯಿಲ್ ಬೇಕಾಗುತ್ತದೆ, ಮಳೆ ನಿಂತ ಮೇಲೆ ಅದರ ಸ್ವಿಚ್ಚು ಇಳಿಸಿದ್ದೀರಾ ನೋಡಿಕೊಳ್ಳಿ.

ಗ್ಯಾಸ್ ಗೀಸರನ್ನು ಬಚ್ಚಲಮನೆಯ ಒಳಗೆ ಹಾಕಿಸಲೇಬಾರದು. ಒಂದು ಕೆಜಿ ಅಡುಗೆ ಗ್ಯಾಸು ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ನಾಲ್ಕು ಅಡಿಗೆ ಆರು ಅಡಿಯ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿರುವುದು ಐದೂವರೆ. ಗಾಳಿ ಸಾಲದೆ ಉರಿದ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆ ತಿರುಗಿತು ಎನ್ನುವಷ್ಟರಲ್ಲಿ ಕಾಲು ಏಳುವುದಿಲ್ಲ. ಗೀಸರು ಹೊರಗೋಡೆಗೆ ಇರಲಿ, ನೀರಿನ ನಳಿಗೆ ಮಾತ್ರ ಒಳಗೆ ಬರಲಿ.

ಇದೇ ಅಪಾಯ ಬಾಣಂತಿ ಕೋಣೆಯಲ್ಲಿಯೂ ಇದೆ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಗಾಳಿ ಸೋಕಬಾರದೆಂದು ಕಿಡಕಿ ಬಾಗಿಲ ಸಂದಿಗೆ ಬಟ್ಟೆ ತುರುಕುವ ರೂಢಿ ಇನ್ನೂ ಇದೆ. ಹೊಗೆ ಕಾಣದ ಕೆಂಡವೇ ಹೆಚ್ಚು ವಿಷ ಬಿಡುತ್ತದೆ, ಕೂಸಿಗೆ ಅದು ದೊಡ್ಡವರಿಗಿಂತ ಬೇಗ ಏರುತ್ತದೆ. ಹಿರಿಯರು ಬೆಚ್ಚಗಿಡಬೇಕೆಂದರೆ ಕೆಂಡದ ಬದಲು ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹಾಸಿಗೆ ಕಾಯಿಸಿ, ಕೂಸನ್ನು ಮಲಗಿಸುವ ಮೊದಲು ಚೀಲ ತೆಗೆಯಿರಿ. ಕೆಂಡವೇ ಆಗಬೇಕೆಂದು ಹಟ ಹಿಡಿದರೆ ತಾಯಿ ಮಗು ಹೊರಗಿರುವಾಗ ಕೋಣೆ ಕಾಯಿಸಿ, ಅಗ್ಗಿಷ್ಟಿಗೆಯನ್ನು ಅಂಗಳಕ್ಕೆ ಸಾಗಿಸಿ, ಬಾಗಿಲು ಐದು ನಿಮಿಷ ತೆರೆದಿಟ್ಟು, ಆಮೇಲೆ ಅವರನ್ನು ಒಳಗೆ ಕರೆತನ್ನಿ.